ರಂಗಕ್ಕೆ ಮೂವಿಂಗ್ ಲೈಟ್: ಯಾವುದನ್ನು ಆರಿಸಬೇಕು, ಎಲ್ಲಿ ತೂಗುಹಾಕಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾಟಕ, ನೃತ್ಯ, ಸಂಗೀತ ಕಾರ್ಯಕ್ರಮಗಳಿಗೆ ಬೆಳಕು ಮಾಡುವವರ ಜೊತೆ ಮಾತಿಗೆ ಕೂತರೆ ಇವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಹೆಚ್ಚಿನವರು ಶುರು ಮಾಡುವುದು "ಯಾವ ಲೈಟ್ ತಗೊಳ್ಳಲಿ" ಅಂತ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು "ಬೆಳಕು ಎಲ್ಲಿಂದ ಬರಬೇಕು" ಅಂತ. ಸಾಧಾರಣ ಲೈಟು ಸರಿಯಾದ ಜಾಗದಲ್ಲಿದ್ದರೆ ಪ್ರದರ್ಶನ ನಡೆದುಹೋಗುತ್ತದೆ. ದುಬಾರಿ ಲೈಟು ತಪ್ಪು ಜಾಗದಲ್ಲಿದ್ದರೆ ಯಾವ ಪ್ರೋಗ್ರಾಮಿಂಗೂ ಅದನ್ನು ಸರಿಮಾಡಲಾರದು. ಸುಲಭದ ಪ್ರಶ್ನೆಗಳು ಮೊದಲಿವೆ, ಕಷ್ಟದವು ಕೊನೆಗೆ. ನಿಮಗೆ ಬೇಕಾದ್ದಕ್ಕೆ ನೇರವಾಗಿ ಹೋಗಬಹುದು.

## ಶುರು ಮಾಡುವವರಿಗೆ

ಮೂವಿಂಗ್ ಲೈಟ್ ಅಂದ್ರೆ ಏನು? ಮಾಮೂಲಿ ಲೈಟಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಲೈಟನ್ನು ಏಣಿ ಹತ್ತಿ ಒಂದು ಸಲ ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು, ಪ್ರದರ್ಶನ ಪೂರ್ತಿ ಅದು ಅಲ್ಲೇ ನೋಡುತ್ತಿರುತ್ತದೆ. ಮೂವಿಂಗ್ ಲೈಟಿನಲ್ಲಿ ಮೋಟಾರುಗಳಿವೆ. ಅಡ್ಡಕ್ಕೆ ತಿರುಗುವುದು ಪ್ಯಾನ್, ಮೇಲೆ ಕೆಳಗೆ ಬಾಗುವುದು ಟಿಲ್ಟ್. ಬಹಳಷ್ಟು ಲೈಟುಗಳಲ್ಲಿ ಪ್ಯಾನ್ 540 ಡಿಗ್ರಿ, ಟಿಲ್ಟ್ 270 ಡಿಗ್ರಿಯ ಆಸುಪಾಸು. ಬಣ್ಣ, ಗಾತ್ರ, ಅಂಚಿನ ಚೂಪು, ಗೋಬೋ (ಬೆಳಕಿನ ದಾರಿಗೆ ಅಡ್ಡ ಬರುವ ಚಿತ್ತಾರದ ಬಿಲ್ಲೆ) ಎಲ್ಲವೂ ಕನ್ಸೋಲಿನಿಂದಲೇ, ಅಂದರೆ ಬೆಳಕು ನಿಯಂತ್ರಿಸುವ ಮೇಜಿನಿಂದಲೇ ಬದಲಾಗುತ್ತವೆ. 1981ರಲ್ಲಿ ಜೆನೆಸಿಸ್ ಎಂಬ ರಾಕ್ ತಂಡ ಬಾರ್ಸಿಲೋನಾದಲ್ಲಿ ಕೊಟ್ಟ ಕಾರ್ಯಕ್ರಮದಲ್ಲಿ ವ್ಯಾರಿ-ಲೈಟ್ ಎಂಬ ಮೂವಿಂಗ್ ಲೈಟ್ ಮೊದಲ ಸಲ ಜನರ ಮುಂದೆ ಬಂತು. ಇಂದಿನ ಮೂವಿಂಗ್ ಲೈಟುಗಳು ಅದೇ ದಾರಿಯಲ್ಲಿ ಬೆಳೆದವು.

ನಮ್ಮದು ಮಾತಿನ ನಾಟಕ. ಕುಣಿತ ಇಲ್ಲ, ಹಾಡಿಲ್ಲ. ನಮಗೆ ನಿಜವಾಗ್ಲೂ ಬೇಕಾ?

ಬೇಕಾಗಬಹುದು, ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ಮೂವಿಂಗ್ ಲೈಟ್ ಅಂದ ಕೂಡಲೇ ಗಾಳಿಯಲ್ಲಿ ಬೀಸಾಡುವ ಕಿರಣಗಳೇ ಕಣ್ಣಮುಂದೆ ಬರುತ್ತವೆ ಅಲ್ವಾ? ನಾಟಕದಲ್ಲಿ ಅದರ ದೊಡ್ಡ ಉಪಯೋಗ ಬೇರೆಯೇ. ಕತ್ತಲಲ್ಲಿ ಯಾರಿಗೂ ಕಾಣದ ಹಾಗೆ ಜಾಗ ಬದಲಿಸಿ, ಮುಂದಿನ ದೃಶ್ಯಕ್ಕೆ ಹೊಸ ಬಣ್ಣದಲ್ಲಿ, ಹೊಸ ಗಾತ್ರದಲ್ಲಿ ಕಾದು ಕೂರುವುದು. ಎಂಟು ದೃಶ್ಯಕ್ಕೆ ಎಂಟು ಬೇರೆ ಲೈಟ್ ತೂಗುವ ಬದಲು ಒಂದೇ ಲೈಟ್ ಎಂಟು ಕೆಲಸ ಮಾಡುತ್ತದೆ.

ಇಡೀ ನಾಟಕ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಬೆಳಕು ನಾಲ್ಕೈದು ಸಲ ಮಾತ್ರ ಬದಲಾಗುತ್ತದೆ ಅಂದರೆ ಬೇಡ. ಒಳ್ಳೆಯ ಫಿಕ್ಸ್ಡ್ ಪ್ರೊಫೈಲ್‌ಗಳು (ತಾವಾಗಿ ತಿರುಗದ, ಚೂಪು ಅಂಚಿನ ಲೈಟುಗಳು) ಸಾಕು, ಅವುಗಳ ಸದ್ದೂ ಕಮ್ಮಿ.

ಸ್ಪಾಟ್, ವಾಶ್, ಬೀಮ್ ಅಂತಾರಲ್ಲ, ಯಾವುದು ಯಾವುದಕ್ಕೆ?

ಸ್ಪಾಟ್ ಅಂಚು ಚೂಪಾದ ಬೆಳಕು ಕೊಡುತ್ತದೆ. ಗೋಬೋ, ಪ್ರಿಸಂ (ಚಿತ್ತಾರವನ್ನು ಹಲವಾಗಿ ಒಡೆಯುವ ಗಾಜು), ಐರಿಸ್ (ವೃತ್ತವನ್ನು ಚಿಕ್ಕದು ಮಾಡುವ ಭಾಗ) ಸಾಮಾನ್ಯವಾಗಿ ಇದರಲ್ಲಿ ಇರುತ್ತವೆ. ಇದಕ್ಕೇ ನಾಲ್ಕು ಕಡೆಯಿಂದ ಕತ್ತರಿಸುವ ಷಟರ್ ಬ್ಲೇಡುಗಳು ಸೇರಿದರೆ ಅದನ್ನು ಪ್ರೊಫೈಲ್ ಅನ್ನುತ್ತಾರೆ. ವಾಶ್ ಮೆತ್ತನೆಯ ಅಂಚಿನದು. ಬಣ್ಣ ತುಂಬುವುದಕ್ಕೆ, ಒಂದು ಪ್ರದೇಶವನ್ನು ಸಮವಾಗಿ ಬೆಳಗುವುದಕ್ಕೆ. ಬೀಮ್ ತೀರಾ ಸಣ್ಣ ಕೋನದ, ಗಟ್ಟಿ ಕೋಲಿನಂಥ ಕಿರಣ. ಅದು ಬೀಳುವ ಜಾಗಕ್ಕಿಂತ ಗಾಳಿಯಲ್ಲಿ ಕಾಣುವ ಗೆರೆಯೇ ಮುಖ್ಯ.

ನಾಟಕಕ್ಕೆ ಪ್ರೊಫೈಲ್ ಮೊದಲು, ವಾಶ್ ಆಮೇಲೆ, ಬೀಮ್ ಬೇಕಾದರೆ ಮಾತ್ರ. ನೃತ್ಯಕ್ಕೆ ವಾಶ್ ಮತ್ತು ಪ್ರೊಫೈಲ್ ಹೆಚ್ಚುಕಡಿಮೆ ಸಮ. ಸಂಗೀತ ಕಾರ್ಯಕ್ರಮದಲ್ಲಿ ಬೀಮಿಗೆ ನಿಜವಾದ ಕೆಲಸವಿದೆ. ಒಂದು ಎಚ್ಚರಿಕೆ: ನಟರ ಮುಖಕ್ಕೆ ಬೀಮ್ ಬಿಡಬೇಡಿ. ಕಣ್ಣು ಕುಕ್ಕುತ್ತದೆ, ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಳ್ಳುತ್ತದೆ.

ಮೂರೂ ಕೆಲಸ ಮಾಡೋ ಹೈಬ್ರಿಡ್ ಒಂದನ್ನೇ ತಗೊಂಡ್ರೆ ಆಗಲ್ವಾ?

ಆಗುತ್ತದೆ, ರಾಜಿಯಾಗಲು ತಯಾರಿದ್ದರೆ. ಹೈಬ್ರಿಡ್ ಬೀಮ್ ಆಗಿ ಚೆನ್ನಾಗಿರುತ್ತದೆ, ಸ್ಪಾಟ್ ಆಗಿ ಪರವಾಗಿಲ್ಲ, ವಾಶ್ ಆಗಿ ನಡುವೆ ಪ್ರಕಾಶ ಜಾಸ್ತಿ, ಅಂಚಿಗೆ ಕಮ್ಮಿ. ಬೆಳಕನ್ನು ಮೆತ್ತಗೆ ಹರಡುವ ಫ್ರಾಸ್ಟ್ ಗಾಜು ಹಾಕಿದರೂ ನಡುವಿನ ಆ ಜೋರು ಚುಕ್ಕೆ ಪೂರ್ತಿ ಹೋಗುವುದು ಅಪರೂಪ. ಲಾರಿಯಲ್ಲಿ ಜಾಗ ಕಮ್ಮಿ, ದಿನಕ್ಕೊಂದು ಬಗೆಯ ಕಾರ್ಯಕ್ರಮ ಅನ್ನುವವರಿಗೆ ಹೈಬ್ರಿಡ್ ಸರಿ. ಒಂದೇ ರಂಗಮಂದಿರದಲ್ಲಿ ಕಾಯಂ ಆಗಿ ತೂಗುವುದಾದರೆ ಬೇರೆ ಬೇರೆ ತಗೊಳ್ಳಿ.

## ಆರಿಸುವಾಗ

ಎಷ್ಟು ವ್ಯಾಟಿನದು ತಗೊಳ್ಳಬೇಕು?

ವ್ಯಾಟ್ ಹೇಳುವುದು ಲೈಟು ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಮಾತ್ರ. ಲುಮೆನ್ ಹೇಳುವುದು ಹೊರಗೆ ಬರುವ ಒಟ್ಟು ಬೆಳಕನ್ನು. ನಿಮಗೆ ಬೇಕಾದ್ದು ಲಕ್ಸ್, ಅಂದರೆ ನಟ ನಿಂತ ಜಾಗಕ್ಕೆ ಬಂದು ಬೀಳುವ ಬೆಳಕು. ಅದು ಕೋನ ಮತ್ತು ದೂರ ಎರಡನ್ನೂ ಅವಲಂಬಿಸಿದೆ.

2010ರಲ್ಲಿ ಬಂದ, ಕ್ಲೇ ಪಾಕಿ ಕಂಪನಿಯ ಶಾರ್ಪಿ ಎಂಬ ಬೀಮ್ ಲೈಟನ್ನೇ ನೋಡಿ. ಲ್ಯಾಂಪ್ ಬರೀ 189 ವ್ಯಾಟ್. ಆದರೂ ಕಿರಣ ಆ ಕಾಲದ ದೊಡ್ಡ ದೊಡ್ಡ ಲೈಟುಗಳನ್ನು ನಾಚಿಸುವಂತಿತ್ತು, ಯಾಕೆಂದರೆ ಬೆಳಕನ್ನೆಲ್ಲ 4 ಡಿಗ್ರಿಗಿಂತ ಕಡಿಮೆ ಕೋನದೊಳಗೆ ತುಂಬಿದ್ದರು. ಅದೇ ಲ್ಯಾಂಪಿನ ಬೆಳಕನ್ನು 30 ಡಿಗ್ರಿಗೆ ಹರಡಿದರೆ ಮಂಕಾಗುತ್ತದೆ.

ದೂರದ ಲೆಕ್ಕ ಇನ್ನೂ ನಿಷ್ಠುರ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 5 ಮೀಟರ್ ದೂರದಲ್ಲಿ 4,000 ಲಕ್ಸ್ ಕೊಡುವ ಲೈಟು 10 ಮೀಟರಿನಲ್ಲಿ 1,000 ಲಕ್ಸ್ ಕೊಡುತ್ತದೆ. ಹಾಗಾಗಿ ಮೊದಲು ನಿಮ್ಮ ತೂಗುವ ಜಾಗದಿಂದ ನಟನ ತನಕ ಟೇಪ್ ಹಿಡಿದು ಅಳೆಯಿರಿ. ಆಮೇಲೆ ತಯಾರಕರ ಪಟ್ಟಿಯಲ್ಲಿ ಆ ದೂರಕ್ಕೆ, ನಿಮಗೆ ಬೇಕಾದ ಜೂಮಿಗೆ (ಕಿರಣದ ಕೋನಕ್ಕೆ) ಎಷ್ಟು ಲಕ್ಸ್ ಅಂತ ನೋಡಿ. ಅಗಲ ಜೂಮಿನ ಅಂಕಿಯನ್ನೇ ನೋಡಿ, ಜಾಹೀರಾತಿನಲ್ಲಿ ಯಾವಾಗಲೂ ಕಿರಿದಾದ ಕೋನದ ದೊಡ್ಡ ಅಂಕಿಯೇ ಇರುತ್ತದೆ.

ಜೂಮ್ 6ರಿಂದ 50 ಡಿಗ್ರಿ ಅಂತ ಬರೆದಿದೆ. ನಮ್ಮ ರಂಗದ ಮೇಲೆ ಅದು ಎಷ್ಟು ದೊಡ್ಡ ವೃತ್ತ?

ಲೆಕ್ಕ ಸುಲಭ. ಕೋನದ ಅರ್ಧದ ಟ್ಯಾನ್ ತೆಗೆದುಕೊಂಡು, ದೂರದಿಂದ ಗುಣಿಸಿ, ಎರಡರಿಂದ ಗುಣಿಸಿ. 10 ಮೀಟರ್ ದೂರದಿಂದ 10 ಡಿಗ್ರಿ ಅಂದರೆ ಸುಮಾರು 1.75 ಮೀಟರ್ ಅಗಲ, ಒಬ್ಬ ನಟನಿಗೆ ಸಾಕು. 20 ಡಿಗ್ರಿ ಅಂದರೆ 3.5 ಮೀಟರ್. 6 ಮೀಟರ್ ಎತ್ತರದಿಂದ ನೇರ ಕೆಳಕ್ಕೆ 40 ಡಿಗ್ರಿ ಬಿಟ್ಟರೆ ನೆಲದ ಮೇಲೆ ಸುಮಾರು 4.4 ಮೀಟರ್.

ಒಂದು ವಿಷಯ ಮರೆಯಬೇಡಿ. ವೃತ್ತವನ್ನು ನೆಲದ ಮೇಲೆ ಅಳೆದರೆ ಮೋಸ ಹೋಗುತ್ತೀರಿ. ನಟನ ಮುಖ ಇರುವುದು ನೆಲದಿಂದ ಒಂದೂವರೆ ಮೀಟರ್ ಮೇಲೆ, ಅಲ್ಲಿ ವೃತ್ತ ಇನ್ನೂ ಚಿಕ್ಕದು. ನೆಲದ ಮೇಲೆ ಕಾಲು ಬೆಳಕಿನೊಳಗೇ ಇರುತ್ತದೆ, ತಲೆ ಮಾತ್ರ ಕತ್ತಲಲ್ಲಿರುತ್ತದೆ. ಇದನ್ನು ಪ್ರತಿ ಎರಡನೇ ಪ್ರದರ್ಶನದಲ್ಲಿ ನೋಡುತ್ತೇವೆ.

ಎಲ್‌ಇಡಿ ಒಳ್ಳೇದಾ, ಡಿಸ್ಚಾರ್ಜ್ ಲ್ಯಾಂಪ್ ಒಳ್ಳೇದಾ?

ರಂಗಮಂದಿರದೊಳಗೆ ಎಲ್‌ಇಡಿ. ಮುಖ್ಯ ಕಾರಣ ಕರೆಂಟ್ ಉಳಿತಾಯವಲ್ಲ, ಡಿಮ್ಮಿಂಗ್, ಅಂದರೆ ಬೆಳಕನ್ನು ಏರಿಸುವುದು ಇಳಿಸುವುದು. ಡಿಸ್ಚಾರ್ಜ್ ಲ್ಯಾಂಪ್ (ಅನಿಲದೊಳಗೆ ವಿದ್ಯುತ್ ಹರಿಸಿ ಬೆಳಗುವ ಬಲ್ಬು) ಸದಾ ಉರಿಯುತ್ತಲೇ ಇರುತ್ತದೆ, ಮುಂದೆ ಒಂದು ತಗಡು ಸರಿದು ಬೆಳಕನ್ನು ಮುಚ್ಚುತ್ತದೆ. ಹತ್ತು ಸೆಕೆಂಡಿನ ನಿಧಾನ ಫೇಡ್‌ನಲ್ಲಿ ಆ ತಗಡಿನ ಅಂಚು ಕೆಲವು ಸಲ ವೃತ್ತದೊಳಗೆ ಕಾಣಿಸಿಬಿಡುತ್ತದೆ. ಇನ್ನೊಂದು ತೊಂದರೆ, ಪ್ರದರ್ಶನದ ನಡುವೆ ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಬಹಳಷ್ಟು ಲ್ಯಾಂಪುಗಳು ತಣ್ಣಗಾಗುವ ತನಕ ಮತ್ತೆ ಹೊತ್ತುವುದಿಲ್ಲ. ಆ ನಿಮಿಷಗಳು ಬಹಳ ಉದ್ದ.

ಆದರೆ ತೀರಾ ಕಿರಿದಾದ, ಬಹಳ ದೂರ ಹೋಗಬೇಕಾದ ಬೀಮಿಗೆ ಡಿಸ್ಚಾರ್ಜ್ ಲ್ಯಾಂಪ್ ಇವತ್ತಿಗೂ ಗಟ್ಟಿ, ಯಾಕೆಂದರೆ ಬೆಳಕು ಹುಟ್ಟುವ ಬಿಂದು ಬಹಳ ಚಿಕ್ಕದು.

ಎಲ್‌ಇಡಿ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಕೋಣೆ ಪೂರ್ತಿ ಕತ್ತಲು ಮಾಡಿ, ಲೈಟನ್ನು ಶೇಕಡಾ 10ರಿಂದ ಸೊನ್ನೆಗೆ ಹದಿನೈದು ಸೆಕೆಂಡಿನಲ್ಲಿ ಇಳಿಸಿ. ಕೊನೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ, ಅಥವಾ ತಟ್ಟಂತ ಆರಿದರೆ, ನಾಟಕಕ್ಕೆ ಆ ಲೈಟು ಬೇಡ.

ಕಡು ಕೆಂಪು ಹಾಕಿದ ಕೂಡ್ಲೇ ಬೆಳಕು ಸತ್ತೇ ಹೋಗುತ್ತೆ. ಲೈಟ್ ಕೆಟ್ಟಿದೆಯಾ?

ಕೆಟ್ಟಿಲ್ಲ. ನಿಮ್ಮದು ಬಿಳಿ ಎಲ್‌ಇಡಿಯ ಮುಂದೆ ಸಯಾನ್, ಮಜೆಂಟಾ, ಹಳದಿ ಗಾಜುಗಳು ಬರುವ ಬಗೆಯದು. ಆ ಗಾಜುಗಳು ಬೇಡದ ಬಣ್ಣವನ್ನು ತಡೆದು, ಬೇಕಾದ್ದನ್ನು ಮಾತ್ರ ಹೊರಗೆ ಬಿಡುತ್ತವೆ. ಬಿಳಿ ಎಲ್‌ಇಡಿಯಲ್ಲಿ ಮೊದಲೇ ಕಡು ಕೆಂಪು ಕಮ್ಮಿ, ಹಾಗಾಗಿ ಉಳಿಯುವುದು ಸ್ವಲ್ಪ. ಇದಕ್ಕೆ ಉಲ್ಟಾ ಇನ್ನೊಂದು ಬಗೆ ಇದೆ. ಕೆಂಪು, ಹಸಿರು, ನೀಲಿ, ಜೊತೆಗೆ ಲೈಮ್, ಆಂಬರ್‌ನಂಥ ಎಲ್‌ಇಡಿಗಳನ್ನೇ ಬೆರೆಸಿ ಬಣ್ಣ ಮಾಡುವುದು. ಅದರಲ್ಲಿ ಕಡು ಬಣ್ಣ ಪೂರ್ತಿ ಜೋರಾಗಿ ಬರುತ್ತದೆ, ಚರ್ಮದ ಬಣ್ಣವೂ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ. ಆದರೆ ಬರೀ ಬಿಳಿ ಬೆಳಕಿನ ಜೋರಿನಲ್ಲಿ ಮೊದಲ ಬಗೆಯದೇ ಮುಂದು.

ನಿಮ್ಮ ಕೆಲಸದಲ್ಲಿ ಬಿಳಿ, ತಿಳಿ ಬಣ್ಣ, ಗೋಬೋ ಜಾಸ್ತಿ ಇದ್ದರೆ ಬಿಳಿ ಎಂಜಿನ್, ಅಂದರೆ ಮೊದಲ ಬಗೆಯದು ತಗೊಳ್ಳಿ. ನೃತ್ಯಕ್ಕೆ, ಕಡು ಬಣ್ಣದ ವಿನ್ಯಾಸಕ್ಕೆ ಬೆರಕೆ ಎಂಜಿನ್, ಅಂದರೆ ಎರಡನೆಯ ಬಗೆ. ಬಿಳಿ ಎಂಜಿನ್‌ಗಳ ಬಿಳುಪು ಸುಮಾರು 6,500 ಕೆಲ್ವಿನ್ (ಬಿಳುಪಿನ ಅಳತೆ; ಅಂಕಿ ಏರಿದಷ್ಟು ನೀಲಿ ಛಾಯೆ, ಇಳಿದಷ್ಟು ಹಳದಿ) ಅಥವಾ ಅದಕ್ಕೂ ಮೇಲಿರುತ್ತದೆ, ನಿಮ್ಮ ಹಳೆಯ ಹ್ಯಾಲೋಜನ್ ಲೈಟುಗಳು 3,200ರ ಸುತ್ತ. ಎರಡನ್ನೂ ಒಟ್ಟಿಗೆ ಬಳಸಿದರೆ ಮೂವಿಂಗ್ ಲೈಟನ್ನು ಬೆಚ್ಚಗೆ ಮಾಡಬೇಕಾಗುತ್ತದೆ, ಅಲ್ಲಿ ಮತ್ತಷ್ಟು ಬೆಳಕು ಹೋಗುತ್ತದೆ. ಲೆಕ್ಕ ಹಾಕುವಾಗಲೇ ಅದನ್ನು ಕಳೆದುಬಿಡಿ.

ಮೌನದ ದೃಶ್ಯದಲ್ಲಿ ಫ್ಯಾನ್ ಸದ್ದು ಕೇಳಿಸುತ್ತೆ. ಏನು ಮಾಡಲಿ?

ಬಹಳಷ್ಟು ಲೈಟುಗಳ ಮೆನುವಿನಲ್ಲಿ ಥಿಯೇಟರ್ ಮೋಡ್ ಅಥವಾ ಸೈಲೆಂಟ್ ಮೋಡ್ ಇರುತ್ತದೆ. ಫ್ಯಾನ್ ನಿಧಾನವಾಗುತ್ತದೆ, ಬದಲಿಗೆ ಪ್ರಕಾಶ ಕಡಿಮೆಯಾಗುತ್ತದೆ. ಆ ಮೋಡಿನಲ್ಲಿ ಎಷ್ಟು ಲಕ್ಸ್ ಉಳಿಯುತ್ತದೆ ಅನ್ನುವುದನ್ನು ನೋಡಿಯೇ ಲೈಟ್ ಆರಿಸಿ. ಇನ್ನು ಲೈಟುಗಳ ಸಂಖ್ಯೆ. ಒಂದು ಲೈಟಿನ ಸದ್ದು ಪರವಾಗಿಲ್ಲ ಅನಿಸಿದರೂ ಸದ್ದು ಕೂಡುತ್ತಾ ಹೋಗುತ್ತದೆ, ಎರಡು ಪಟ್ಟು ಲೈಟಿಗೆ ಸುಮಾರು 3 ಡೆಸಿಬಲ್. ಪ್ರೇಕ್ಷಕರ ತಲೆಯ ಮೇಲೆ ತೂಗಿದ ಲೈಟು ರಂಗದ ಹಿಂಭಾಗದ್ದಕ್ಕಿಂತ ಎಷ್ಟೋ ಜಾಸ್ತಿ ಕೇಳಿಸುತ್ತದೆ. ಅಲ್ಲಿಗೆ ಸದ್ದಿಲ್ಲದವು ಬರಲಿ.

ಷಟರ್ ಇರೋ ಪ್ರೊಫೈಲ್ ಜಾಸ್ತಿ ದುಡ್ಡು. ಐರಿಸ್ ಸಾಕಾಗಲ್ವಾ?

ಐರಿಸ್ ವೃತ್ತವನ್ನು ಚಿಕ್ಕದು ಮಾಡುತ್ತದೆ, ಆಕಾರ ಬದಲಿಸುವುದಿಲ್ಲ. ಬಾಗಿಲು, ಮೇಜು, ಪರದೆಯ ಅಂಚು, ರಂಗದ ಮುಂಭಾಗದ ಗೆರೆ ಎಲ್ಲವೂ ನೇರ ಗೆರೆಗಳು. ಬೆಳಕು ಪರದೆಯ ಮೇಲೆ ಚೆಲ್ಲದ ಹಾಗೆ ಕತ್ತರಿಸಲು ಬ್ಲೇಡೇ ಬೇಕು. ಎಲ್ಲದಕ್ಕೂ ಷಟರ್ ಬೇಡ. ಮುಂದಿನಿಂದ ಮತ್ತು ಪಕ್ಕದಿಂದ ಬರುವ ಲೈಟಿಗೆ ಬೇಕು, ಹಿಂದಿನ ಲೈಟಿಗೆ ಸಾಮಾನ್ಯವಾಗಿ ಬೇಡ. ಇರುವ ದುಡ್ಡನ್ನು ಹಾಗೆ ಹಂಚಿ.

## ಎಲ್ಲಿ ತೂಗಬೇಕು

ಬರೀ ಆರು ಲೈಟ್ ಇವೆ. ಎಲ್ಲಿಗೆ ಹಾಕಲಿ?

ನಾನಾದರೆ ನಾಲ್ಕನ್ನು ಹಿಂದಿನಿಂದ, ಎರಡನ್ನು ಪಕ್ಕದಿಂದ ಹಾಕುತ್ತೇನೆ. ಮುಂದಿನ ಮುಖದ ಬೆಳಕಿಗೆ ಫಿಕ್ಸ್ಡ್ ಲೈಟುಗಳು ಇವೆ ಅಂದುಕೊಂಡು ಹೇಳುತ್ತಿದ್ದೇನೆ.

ಕಾರಣ ಇದು. ಮುಂದಿನ ಬೆಳಕಿನ ಕೆಲಸ ಮುಖ ಕಾಣಿಸುವುದು, ಅದು ದೃಶ್ಯದಿಂದ ದೃಶ್ಯಕ್ಕೆ ಬಹಳ ಬದಲಾಗುವುದಿಲ್ಲ. ದೃಶ್ಯದ ಬಣ್ಣ, ಹೊತ್ತು, ಭಾವ ಎಲ್ಲ ಬದಲಾಗುವುದು ಹಿಂದಿನ ಮತ್ತು ಪಕ್ಕದ ಬೆಳಕಿನಿಂದ. ಹಿಂದಿನಿಂದ ಬಿದ್ದ ನೀಲಿ ನಟನ ಭುಜಕ್ಕೆ ಅಂಚು ಕಟ್ಟುತ್ತದೆ, ನೆಲಕ್ಕೆ ಬಣ್ಣ ತುಂಬುತ್ತದೆ, ಮುಖದ ಬಣ್ಣ ಮಾತ್ರ ಕೆಡುವುದಿಲ್ಲ. ಅದೇ ನೀಲಿಯನ್ನು ಮುಂದಿನಿಂದ ಬಿಟ್ಟರೆ ಮುಖವೇ ನೀಲಿ. ಬದಲಾಗುವ ಲೈಟನ್ನು ಬದಲಾಗುವ ಜಾಗಕ್ಕೆ ಹಾಕಿ, ಅಷ್ಟೇ.

ಹಿಂದಿನ ಬಾರ್ (ಲೈಟು ತೂಗುವ ಕೊಳವೆ) ಸಾಕಷ್ಟು ಎತ್ತರದಲ್ಲಿರಲಿ. ಕೋನ ತಗ್ಗಿದರೆ ಬೆಳಕು ನಟನನ್ನು ದಾಟಿ ಮೊದಲ ಸಾಲಿನವರ ಕಣ್ಣಿಗೆ ಹೋಗುತ್ತದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ನೀವೇ ಕೂತು ಒಮ್ಮೆ ನೋಡಿ.

ಮುಖಕ್ಕೆ ಮುಂದಿನಿಂದ ಮೂವಿಂಗ್ ಲೈಟ್ ಹಾಕೋದಾದ್ರೆ ಕೋನ ಎಷ್ಟಿರಬೇಕು?

ಮುಖದ ಮಟ್ಟದ ಅಡ್ಡ ಗೆರೆಯಿಂದ ಮೇಲಕ್ಕೆ ಅಳೆದರೆ 35ರಿಂದ 45 ಡಿಗ್ರಿ. ಅದಕ್ಕಿಂತ ಕಡಿದಾದರೆ ಹುಬ್ಬಿನ ಕೆಳಗೆ ಕಣ್ಣು ಮುಳುಗುತ್ತದೆ. ಅದಕ್ಕಿಂತ ತಗ್ಗಾದರೆ ಮುಖ ಚಪ್ಪಟೆಯಾಗಿ, ನೆರಳು ಹಿಂದಿನ ಗೋಡೆಯ ಮೇಲೆ ನಿಲ್ಲುತ್ತದೆ. 45 ಡಿಗ್ರಿ ಸಿಗಬೇಕಾದರೆ ಮುಖದಿಂದ ಬಾರಿನ ಎತ್ತರ ಎಷ್ಟೋ ಅಷ್ಟೇ ದೂರ ಮುಂದಕ್ಕೆ ಬಾರ್ ಇರಬೇಕು. ಬಾರ್ 6 ಮೀಟರ್ ಎತ್ತರದಲ್ಲಿದೆ, ಮುಖ 1.5 ಮೀಟರಿನಲ್ಲಿದೆ, ಅಂದರೆ ನಟನಿಂದ 4.5 ಮೀಟರ್ ಪ್ರೇಕ್ಷಕರ ಕಡೆಗೆ.

ನೇರ ಎದುರಿನಿಂದ ಒಂದರ ಬದಲು, ಎಡದಿಂದ ಒಂದು, ಬಲದಿಂದ ಒಂದು ಬಂದರೆ ಮುಖಕ್ಕೆ ಆಕಾರ ಬರುತ್ತದೆ.

ನಟ ಲೈಟಿನ ಕೆಳಗೇ ನಡೆದು ಹೋದಾಗ ಲೈಟ್ ಗಿರ್ರನೆ ತಿರುಗಿಬಿಡುತ್ತೆ. ಪ್ರೋಗ್ರಾಂ ತಪ್ಪಾ?

ಪ್ರೋಗ್ರಾಂ ತಪ್ಪಲ್ಲ, ಜಾಗ ತಪ್ಪು. ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

ತಲೆಕೆಳಗಾಗಿ ತೂಗಿದ ಲೈಟಿಗೆ ಒಂದು ಕುರುಡು ಬಿಂದು ಇರುತ್ತದೆ, ಅದರ ನೇರ ಕೆಳಗೆ. ಅಲ್ಲಿ ಟಿಲ್ಟ್ ಸೊನ್ನೆ, ಆಗ ಪ್ಯಾನ್ ಎಷ್ಟು ತಿರುಗಿದರೂ ಕಿರಣ ಅಲ್ಲೇ ನಿಂತು ತನ್ನ ಸುತ್ತಲೇ ಸುತ್ತುತ್ತದೆ. ಈಗ ನಟ ಆ ಬಿಂದುವಿನಿಂದ ಒಂದು ಗೇಣು ಪಕ್ಕಕ್ಕೆ ನಡೆದು ದಾಟುತ್ತಾನೆ ಅಂದುಕೊಳ್ಳಿ. ಅವನು ಬರುವಾಗ ಲೈಟು ಮುಂದೆ ನೋಡುತ್ತಿತ್ತು, ದಾಟಿದ ಮೇಲೆ ಹಿಂದೆ ನೋಡಬೇಕು. ಅವನು ನಡೆದದ್ದು ಎರಡೇ ಹೆಜ್ಜೆ, ಲೈಟಿನ ತಲೆ ಹಿಡಿದಿರುವ ಕವಲು (ಯೋಕ್) ಮಾತ್ರ ಅಷ್ಟರಲ್ಲಿ ಹತ್ತಿರ ಹತ್ತಿರ 180 ಡಿಗ್ರಿ ಸುತ್ತಬೇಕು. ಮೋಟಾರಿಗೆ ಅಷ್ಟು ವೇಗ ಸಿಗುವುದಿಲ್ಲ, ಬೆಳಕು ನಟನನ್ನು ಬಿಟ್ಟು ಬಾಗುತ್ತದೆ. ಗೋಬೋ ಹಾಕಿದ್ದರೆ ಚಿತ್ತಾರವೂ ನೆಲದ ಮೇಲೆ ಗಿರಗಿರ ತಿರುಗುತ್ತದೆ.

ಸರಳ ಪರಿಹಾರ, ಮುಖ್ಯ ಚಲನೆಯ ದಾರಿಯ ಮೇಲೆ ತೂಗದೆ ಒಂದೂವರೆ ಎರಡು ಮೀಟರ್ ಹಿಂದಕ್ಕೋ ಪಕ್ಕಕ್ಕೋ ಸರಿಸುವುದು. ಸರಿಸಲು ಆಗದಿದ್ದರೆ ಪ್ಯಾನನ್ನು ಅವನು ನಡೆಯುವ ದಿಕ್ಕಿಗೆ ಹೊಂದಿಸಿ ಅಲ್ಲೇ ಕಟ್ಟಿಹಾಕಿ, ಟಿಲ್ಟ್ ಒಂದೇ ಈ ಕಡೆಯಿಂದ ಆ ಕಡೆಗೆ ಸೊನ್ನೆಯನ್ನು ದಾಟಿ ಹೋಗುವಂತೆ ಮಾಡಿ. ನೇರ ಗೆರೆಯ ನಡಿಗೆಗೆ ಇದು ನುಣುಪಾಗಿ ಬರುತ್ತದೆ. ಮೂರನೆಯದು, ವಿಂಗಿನ (ರಂಗದ ಪಕ್ಕದ ಮರೆಯ) ಕಂಬಕ್ಕೆ ಲೈಟನ್ನು ಅಡ್ಡ ಕಟ್ಟುವುದು. ಆಗ ಕುರುಡು ಬಿಂದು ನೆಲದ ಮೇಲಿರುವುದಿಲ್ಲ, ಎದುರಿನ ವಿಂಗಿನ ಕಡೆಗೆ ಹೋಗುತ್ತದೆ. ಆದರೆ ಆ ಲೈಟನ್ನು ಅಡ್ಡ ಕಟ್ಟಲು ತಯಾರಕರ ಒಪ್ಪಿಗೆ ಇದೆಯಾ ಅಂತ ಕೈಪಿಡಿ ನೋಡಿಕೊಳ್ಳಿ.

ಲೈಟನ್ನು ತೂಗುವಾಗ ಮುಖ ಯಾವ ಕಡೆಗಿರಬೇಕು? ಹೇಗಿದ್ರೂ ತಿರುಗುತ್ತಲ್ಲ?

ತಿರುಗುತ್ತದೆ, ಆದರೆ ಎಲ್ಲೋ ಒಂದು ಕಡೆ ತಡೆ ಇದೆ. ಪ್ಯಾನ್ 540 ಡಿಗ್ರಿ ಅಂದರೆ ಒಂದೂವರೆ ಸುತ್ತು, ಆಮೇಲೆ ನಿಲ್ಲುತ್ತದೆ. ಆ ತಡೆ ನಿಮ್ಮ ಮುಖ್ಯ ಜಾಗದ ಹತ್ತಿರ ಬಿದ್ದರೆ, ಒಂದು ಗೇಣು ಆಚೆ ಹೋಗಲು ಲೈಟು ಇಡೀ ಸುತ್ತು ಹಿಂದಕ್ಕೆ ತಿರುಗಿ ಬರುತ್ತದೆ. ಎಲ್ಲವನ್ನೂ ಒಂದೇ ದಿಕ್ಕಿಗೆ ತೂಗಿ, ಡಿಸ್‌ಪ್ಲೇ ಇರುವ ಬದಿ ಒಂದೇ ಕಡೆ ಬರಲಿ. ಜಾಗಗಳನ್ನು ರೆಕಾರ್ಡ್ ಮಾಡುವಾಗ ಪ್ಯಾನ್ ಶೇಕಡಾ 50ರ, ಅಂದರೆ ಅದರ ಸುತ್ತಿನ ನಡುಭಾಗದ ಸುತ್ತಮುತ್ತ ಇರುವಂತೆ ನೋಡಿಕೊಳ್ಳಿ. ಹೀಗೆ ಮಾಡಿದರೆ ಹತ್ತು ಲೈಟಿಗೆ ಒಂದೇ ಆದೇಶ ಕೊಟ್ಟಾಗ ಹತ್ತೂ ಒಂದೇ ಕಡೆ ತಿರುಗುತ್ತವೆ.

ನೆಲದ ಮೇಲೆ ಇಡಬಹುದಾ?

ಇಡಬಹುದು, ನೃತ್ಯಕ್ಕಂತೂ ಸೊಗಸು. ಪಕ್ಕದಿಂದ, ಮೊಣಕಾಲಿನ ಎತ್ತರದಿಂದ ಬಂದ ಬೆಳಕು ನೆಲ ಮುಟ್ಟದೆ ದೇಹವನ್ನು ಮಾತ್ರ ಹಿಡಿಯುತ್ತದೆ, ನರ್ತಕಿ ಗಾಳಿಯಲ್ಲಿ ಇದ್ದಂತೆ ಕಾಣುತ್ತಾಳೆ. ಆದರೆ ಸುತ್ತ ಅರ್ಧ ಮೀಟರ್ ಜಾಗ ಬಿಡಿ, ತಿರುಗುವ ತಲೆಗೆ ಸೀರೆಯ ಸೆರಗು, ಕೇಬಲ್, ಪರದೆ ಸಿಗಬಾರದು. ಕೈಪಿಡಿಯಲ್ಲಿ ಬೆಳಕು ಬೀಳುವ ವಸ್ತುವಿಗೆ ಕನಿಷ್ಠ ದೂರ ಎಷ್ಟು ಅಂತ ಬರೆದಿರುತ್ತದೆ. ಬೀಮ್ ಲೈಟುಗಳಲ್ಲಿ ಅದು ಹಲವು ಮೀಟರ್. ಹತ್ತಿರದ ಬಟ್ಟೆಯನ್ನು ಅವು ಸುಡಬಲ್ಲವು.

ಬಯಲಿನಲ್ಲಿ ಇಟ್ಟರೆ ಹಗಲಲ್ಲಿ ಲೆನ್ಸಿನ ಮುಖ ನೆಲಕ್ಕಿರಲಿ. ಲೆನ್ಸಿನ ಮೂಲಕ ಒಳಗೆ ಹೋದ ಬಿಸಿಲು ಒಂದೇ ಬಿಂದುವಿಗೆ ಸೇರಿ ಒಳಗಿನ ಭಾಗಗಳನ್ನು ಸುಟ್ಟುಹಾಕುತ್ತದೆ, ಲೈಟು ಆಫ್ ಆಗಿದ್ದರೂ.

ಹಿಂದೆ ಎಲ್‌ಇಡಿ ವಾಲ್ ಇದೆ. ಬೆಳಕು ಅದನ್ನ ಕೊಲ್ಲದ ಹಾಗೆ ಎಲ್ಲಿ ತೂಗಲಿ?

ಎಲ್ಲಾ ಬೆಳಕನ್ನೂ ವಾಲ್ ಕಡೆಗಲ್ಲ, ವಾಲ್‌ನಿಂದ ಈಚೆಗೆ ಬರುವಂತೆ ಯೋಚಿಸಿ. ಹಿಂದಿನ ಲೈಟುಗಳು ಪ್ರೇಕ್ಷಕರ ಕಡೆ ನೋಡುವುದರಿಂದ ವಾಲಿಗೆ ತೊಂದರೆ ಇಲ್ಲ. ಪಕ್ಕದ ಲೈಟು ವಾಲಿಗೆ ಸಮಾನಾಂತರವಾಗಿ ಹೋಗುತ್ತದೆ, ಅದೂ ಸರಿ. ತೊಂದರೆ ಮುಂದಿನದ್ದೇ. ಅದನ್ನು ಕಡಿದಾಗಿ ಇಡಿ, ಷಟರಿನಿಂದ ಮೇಲಂಚು ಕತ್ತರಿಸಿ, ನಟರನ್ನು ವಾಲಿನಿಂದ ಎರಡು ಮೀಟರಾದರೂ ಮುಂದೆ ನಿಲ್ಲಿಸಲು ನಿರ್ದೇಶಕರನ್ನು ಒಪ್ಪಿಸಿ. ಆಮೇಲೆ ವಾಲಿನ ಪ್ರಕಾಶವನ್ನು ಇಳಿಸಿ. ಸಾಮಾನ್ಯವಾಗಿ ಅದು ಬೇಕಾದ್ದಕ್ಕಿಂತ ಬಹಳ ಜಾಸ್ತಿ ಇಟ್ಟಿರುತ್ತಾರೆ.

ಕಿರಣ ಗಾಳಿಯಲ್ಲಿ ಕಾಣ್ತಾನೇ ಇಲ್ಲ. ಇನ್ನೂ ಪವರ್‌ಫುಲ್ ಲೈಟ್ ಬೇಕಾ?

ಹೇಜ್ ಇಲ್ಲದೆ ಯಾವ ಕಿರಣವೂ ಕಾಣುವುದಿಲ್ಲ. ಹೇಜ್ ಅಂದರೆ ತೆಳುವಾಗಿ, ಸಮವಾಗಿ ಹರಡಿ ನಿಲ್ಲುವ ಮಂಜು, ಮೋಡದ ಹಾಗೆ ಬುಸ್ಸೆಂದು ಬರುವ ಫಾಗ್ ಬೇರೆ. ಹೇಜ್ ಇದ್ದೂ ಕಾಣದಿದ್ದರೆ ಜಾಗ ನೋಡಿ. ಮಂಜಿನ ಕಣಗಳು ಬೆಳಕನ್ನು ಹೆಚ್ಚಾಗಿ ಅದು ಹೋಗುತ್ತಿದ್ದ ದಿಕ್ಕಿಗೇ ಚದುರಿಸುತ್ತವೆ. ಹಾಗಾಗಿ ರಂಗದ ಹಿಂದಿನಿಂದ ಪ್ರೇಕ್ಷಕರ ಕಡೆ ಬರುವ ಕಿರಣ ಎದ್ದು ಕಾಣುತ್ತದೆ, ಪ್ರೇಕ್ಷಕರ ಹಿಂದಿನಿಂದ ರಂಗಕ್ಕೆ ಹೋಗುವ ಅದೇ ಕಿರಣ ಮಂಕು. ಹಿನ್ನೆಲೆ ಕಪ್ಪಗಿರಬೇಕು. ಬೆಳಗಿದ ಸೈಕ್ಲೋರಮಾದ (ಹಿಂದಿನ ದೊಡ್ಡ ಪರದೆಯ) ಮುಂದೆ ಯಾವ ಬೀಮೂ ನಿಲ್ಲುವುದಿಲ್ಲ. ಹೇಜ್ ಬಿಡುವ ಮುಂಚೆ ರಂಗಮಂದಿರದ ಬೆಂಕಿ ಅಲಾರ್ಮ್ ನೋಡಿಕೊಳ್ಳುವವರಿಗೆ ಹೇಳಲೇಬೇಕು.

ಟ್ರಸ್ ಎಷ್ಟು ತೂಕ ತಡೆಯುತ್ತೆ ಅಂತ ಹೇಗೆ ಗೊತ್ತಾಗುತ್ತೆ?

ಟ್ರಸ್ (ಲೈಟು ತೂಗುವ ಲೋಹದ ಜಾಲರಿ ತೊಲೆ) ತಯಾರಕರ ಲೋಡ್ ಪಟ್ಟಿಯಿಂದ ಮಾತ್ರ. ಅಂದಾಜು ಬೇಡವೇ ಬೇಡ. ಒಂದು ಮೂವಿಂಗ್ ಲೈಟ್ 20ರಿಂದ 40 ಕಿಲೋ ಇರುವುದು ಮಾಮೂಲು. 30 ಕಿಲೋದ ಆರು ಲೈಟ್ ಅಂದರೆ 180 ಕಿಲೋ, ಮೇಲೆ ಕ್ಲ್ಯಾಂಪು, ಕೇಬಲ್ಲು. ಆರೂ ತಲೆಗಳು ಒಟ್ಟಿಗೆ ಜೋರಾಗಿ ತಿರುಗಿ ನಿಂತಾಗ ಟ್ರಸ್ ಓಲಾಡುತ್ತದೆ, ಆ ಎಳೆತ ನಿಂತ ತೂಕಕ್ಕಿಂತ ಜಾಸ್ತಿ. ಪ್ರತಿ ಲೈಟಿಗೂ ಅದರ ತೂಕ ತಡೆಯುವ ಸೇಫ್ಟಿ ಕೇಬಲ್ ಬೇಕು, ಸಡಿಲ ಬಿಡದೆ, ಲೈಟಿನಲ್ಲಿ ಅದಕ್ಕೆಂದೇ ಕೊಟ್ಟ ಜಾಗದಲ್ಲೇ ಸಿಕ್ಕಿಸಿ. ಅನುಮಾನ ಇದ್ದರೆ ರಿಗ್ಗಿಂಗ್ (ಭಾರ ತೂಗುವ ಕೆಲಸ) ಬಲ್ಲವರು ನೋಡುವ ತನಕ ಮೇಲೆತ್ತಬೇಡಿ. ಕೆಳಗೆ ಮನುಷ್ಯರು ನಿಂತಿರುತ್ತಾರೆ.

## ಸ್ವಲ್ಪ ಆಳಕ್ಕೆ

ಇರೋ ಡಿಮ್ಮರ್ ಲೈನಿಗೇ ಚುಚ್ಚಿ, ಡಿಮ್ಮರ್ ಫುಲ್ ಇಟ್ಟರೆ ಸರಿಹೋಗುತ್ತಾ?

ಇಲ್ಲ. ಡಿಮ್ಮರ್ ಫುಲ್ ಇದ್ದರೂ ಅದರಿಂದ ಬರುವುದು ಶುದ್ಧ ಕರೆಂಟ್ ಅಲ್ಲ, ಲೈಟಿನ ಪವರ್ ಸಪ್ಲೈ ಕೆಡಬಹುದು. ನೇರ ಲೈನ್ ಬೇಕು.

ಡಿಎಂಎಕ್ಸ್ ಕೇಬಲ್ ಎಳೆದಾಗ ಕೊನೆಯ ಲೈಟುಗಳು ಸುಮ್ ಸುಮ್ನೆ ಅಲ್ಲಾಡ್ತವೆ. ಯಾಕೆ?

ಡಿಎಂಎಕ್ಸ್ ಅಂದರೆ ಕನ್ಸೋಲಿನ ಆದೇಶ ಲೈಟುಗಳಿಗೆ ಒಯ್ಯುವ ಸಿಗ್ನಲ್. ಮೊದಲ ಅನುಮಾನ ಕೇಬಲ್ ಮೇಲೆ. ಮೈಕಿನ ಕೇಬಲ್ ನೋಡಲು ಹಾಗೇ ಇದ್ದರೂ ಡಿಎಂಎಕ್ಸ್‌ಗೆ ಅಲ್ಲ. ಎರಡನೆಯದು, ಸರಪಳಿಯ ಕೊನೆಯ ಲೈಟಿಗೆ 120 ಓಮ್‌ನ ಟರ್ಮಿನೇಟರ್ ಹಾಕಿಲ್ಲ. ಅದಿಲ್ಲದಿದ್ದರೆ ಸಿಗ್ನಲ್ ತುದಿಗೆ ಬಡಿದು ಹಿಂದಕ್ಕೆ ಬರುತ್ತದೆ. ಮೂರನೆಯದು, ಒಂದು ಸಾಲಿನಲ್ಲಿ 32ಕ್ಕಿಂತ ಜಾಸ್ತಿ ಲೈಟು, ಅಥವಾ ಎಲ್ಲೋ ಸ್ಪ್ಲಿಟರ್ (ಸಿಗ್ನಲ್ ಹಂಚುವ ಪೆಟ್ಟಿಗೆ) ಇಲ್ಲದೆ ವೈ ಕೇಬಲಿನಿಂದ ಕವಲು ಒಡೆದಿದ್ದಾರೆ.

ಚಾನೆಲ್ ಲೆಕ್ಕವನ್ನೂ ಮೊದಲೇ ಮಾಡಿ. ಲೈಟಿನ ಒಂದೊಂದು ಕೆಲಸಕ್ಕೆ (ಪ್ಯಾನ್, ಬಣ್ಣ, ಪ್ರಕಾಶ) ಒಂದೋ ಎರಡೋ ಚಾನೆಲ್ ಬೇಕು. ಒಂದು ಯೂನಿವರ್ಸಿನಲ್ಲಿ, ಅಂದರೆ ಒಂದು ಡಿಎಂಎಕ್ಸ್ ಸಾಲಿನಲ್ಲಿ, 512 ಚಾನೆಲ್. ಲೈಟಿಗೆ 38 ಚಾನೆಲ್ ಬೇಕಾದರೆ 13 ಲೈಟಿಗೆ 494, ಹದಿನಾಲ್ಕನೆಯದಕ್ಕೆ ಜಾಗವಿಲ್ಲ.

8 ಬಿಟ್ ಮೋಡಲ್ಲಿ ಚಾನೆಲ್ ಉಳಿಯುತ್ತೆ. ಅದನ್ನೇ ಬಳಸಲಾ?

ಬೇಡ. 8 ಬಿಟ್‌ನಲ್ಲಿ ಪ್ಯಾನಿನ ಇಡೀ 540 ಡಿಗ್ರಿ ಬರೀ 256 ಹೆಜ್ಜೆಗಳಾಗಿ ಒಡೆಯುತ್ತದೆ, ಒಂದೊಂದು ಹೆಜ್ಜೆ 2 ಡಿಗ್ರಿಗಿಂತ ಜಾಸ್ತಿ. 10 ಮೀಟರ್ ದೂರದಲ್ಲಿ ಅದು ಸುಮಾರು 37 ಸೆಂಟಿಮೀಟರ್. ನಟ ಕುರ್ಚಿಯಲ್ಲಿ ಕೂತಿದ್ದಾನೆ, ಬೆಳಕು ಕುರ್ಚಿಯ ಈ ಕಡೆ ಅಥವಾ ಆ ಕಡೆ, ನಡುವೆ ಇಲ್ಲ. 16 ಬಿಟ್‌ನಲ್ಲಿ 65,536 ಹೆಜ್ಜೆ, ಅಷ್ಟೇ ದೂರದಲ್ಲಿ ಒಂದು ಹೆಜ್ಜೆ 1.5 ಮಿಲಿಮೀಟರಿಗಿಂತ ಕಡಿಮೆ. ನಿಧಾನ ಚಲನೆಯೂ ನುಣುಪಾಗಿ ಬರುತ್ತದೆ.

ದೃಶ್ಯ ಶುರುವಾಗುವಾಗ ಲೈಟ್ ಓಡಿ ಬಂದು ನಿಲ್ಲೋದು ಎಲ್ಲರಿಗೂ ಕಾಣುತ್ತೆ. ತಪ್ಪಿಸೋದು ಹೇಗೆ?

ಲೈಟು ಹೊತ್ತುವ ಮುಂಚೆಯೇ, ಸೊನ್ನೆಯಲ್ಲಿರುವಾಗಲೇ, ಮುಂದಿನ ಜಾಗಕ್ಕೆ ಹೋಗಿರಬೇಕು. ಗ್ರ್ಯಾಂಡ್‌ಎಂಎ ಕನ್ಸೋಲುಗಳಲ್ಲಿ ಇದಕ್ಕೆ ಮೂವ್ ಇನ್ ಬ್ಲ್ಯಾಕ್ ಇದೆ, ಇಟಿಸಿಯ ಇಯಾಸ್‌ನಲ್ಲಿ ಮಾರ್ಕ್. ಇದು ಕೆಲಸ ಮಾಡಬೇಕಾದರೆ ಒಂದೇ ಷರತ್ತು, ಆ ಲೈಟು ಹಿಂದಿನ ಕ್ಯೂನಲ್ಲಿ (ರೆಕಾರ್ಡ್ ಮಾಡಿಟ್ಟ ಬೆಳಕಿನ ಸ್ಥಿತಿಯಲ್ಲಿ) ಆರಿರಬೇಕು.

ಇಲ್ಲೇ ತೂಗುವ ಯೋಜನೆಗೂ ಪ್ರೋಗ್ರಾಮಿಂಗಿಗೂ ನಂಟು ಬೀಳುವುದು. ಮುಖ್ಯ ಜಾಗಗಳನ್ನು ಎರಡು ಲೈಟುಗಳು ಮುಟ್ಟುವಂತೆ ತೂಗಿದರೆ, ಒಂದು ಈ ದೃಶ್ಯವನ್ನು ಬೆಳಗುತ್ತಿರುವಾಗ ಇನ್ನೊಂದು ಮುಂದಿನದಕ್ಕೆ ತಯಾರಾಗುತ್ತದೆ. ಹೀಗೆ ಜೋಡಿಯಾಗಿ ಯೋಚಿಸಿದರೆ ಆರು ಲೈಟಿನಲ್ಲೂ ಒಂದು ಪೂರ್ತಿ ನಾಟಕ ಓಡುತ್ತದೆ. ಒಂದು ಜಾಗಕ್ಕೆ ಒಂದೇ ಲೈಟು ಅಂತ ಹಂಚಿಬಿಟ್ಟರೆ ಹನ್ನೆರಡಿದ್ದರೂ ಒದ್ದಾಡುತ್ತೀರಿ. ಮೌನದಲ್ಲಿ ಮಾರ್ಕ್ ಆಗುವಾಗ ಮೋಟಾರಿನ, ಗೋಬೋ ಚಕ್ರದ ಸದ್ದು ಕೇಳಿಸುತ್ತದೆ, ಆ ಚಲನೆಗೆ ಐದಾರು ಸೆಕೆಂಡ್ ಸಮಯ ಕೊಟ್ಟು ನಿಧಾನ ಮಾಡಿ, ಅಥವಾ ಸಂಗೀತ ಇರುವ ಹೊತ್ತಿಗೆ ತಳ್ಳಿ.

ಕಣ್ಣಿಗೆ ಚೆನ್ನಾಗಿದೆ, ಕ್ಯಾಮೆರಾದಲ್ಲಿ ಪಟ್ಟಿ ಪಟ್ಟಿ ಬರುತ್ತೆ. ಏನು ಮಾಡೋದು?

ಎಲ್‌ಇಡಿ ಡಿಮ್ ಆಗುವುದು ಸಾಮಾನ್ಯವಾಗಿ ಬಹಳ ವೇಗವಾಗಿ ಹೊತ್ತಿ ಆರಿ. ಕ್ಯಾಮೆರಾದ ಷಟರ್ ಅದಕ್ಕೆ ಹೊಂದದಿದ್ದರೆ ಪಟ್ಟಿ ಬೀಳುತ್ತದೆ. ಲೈಟಿನ ಮೆನುವಿನಲ್ಲಿ ಪಿಡಬ್ಲ್ಯೂಎಂ ಫ್ರೀಕ್ವೆನ್ಸಿ (ಹೀಗೆ ಹೊತ್ತಿ ಆರುವ ವೇಗ) ಏರಿಸಿ, ಕ್ಯಾಮೆರಾದವರ ಜೊತೆ ಕೂತು ಪರೀಕ್ಷಿಸಿ. ಫುಲ್ ಇಟ್ಟು ನೋಡಿದರೆ ಗೊತ್ತಾಗುವುದಿಲ್ಲ, ಶೇಕಡಾ 20, 30ರಲ್ಲಿ ನೋಡಿ.

ಪ್ರತಿ ಊರಲ್ಲೂ ಬಾರ್ ಎತ್ತರ ಬೇರೆ. ಪ್ರತಿ ಸಲ ಎಲ್ಲಾ ಕ್ಯೂ ಮತ್ತೆ ಮಾಡಬೇಕಾ?

ಕ್ಯೂಗಳನ್ನು ಮುಟ್ಟಬೇಕಿಲ್ಲ, ಪೊಸಿಷನ್ ಪ್ರೀಸೆಟ್‌ಗಳನ್ನು (ಹೆಸರಿಟ್ಟು ಉಳಿಸಿದ ಜಾಗಗಳನ್ನು) ಬಳಸಿದ್ದರೆ. ಕ್ಯೂ ಒಳಗೆ ನೇರ ಪ್ಯಾನ್ ಟಿಲ್ಟ್ ಅಂಕಿ ಇರಬಾರದು, "ಮೇಜು", "ಬಾಗಿಲು", "ರಾಜನ ಪೀಠ" ಅನ್ನುವ ಪ್ರೀಸೆಟ್ ಇರಬೇಕು. ಹೊಸ ಜಾಗಕ್ಕೆ ಹೋದಾಗ ಆ ಪ್ರೀಸೆಟ್‌ಗಳನ್ನು ಒಂದೊಂದಾಗಿ ಸರಿಮಾಡಿ ಅಪ್‌ಡೇಟ್ ಕೊಟ್ಟರೆ, ಅವನ್ನು ಬಳಸಿದ ಎಲ್ಲಾ ಕ್ಯೂಗಳೂ ತಾವೇ ಸರಿಹೋಗುತ್ತವೆ. ಹದಿನೈದು ಪ್ರೀಸೆಟ್ ಸರಿಮಾಡುವುದು ಇನ್ನೂರು ಕ್ಯೂ ತಿದ್ದುವುದಕ್ಕಿಂತ ಎಷ್ಟು ಸುಲಭ ನೀವೇ ಯೋಚಿಸಿ.

ಪ್ರೀಸೆಟ್ ಸರಿಮಾಡುವಾಗ ಖಾಲಿ ನೆಲದ ಮೇಲೆ ಗುರಿ ಇಡಬೇಡಿ. ಒಬ್ಬರನ್ನು ಆ ಜಾಗದಲ್ಲಿ ನಿಲ್ಲಿಸಿ, ಬೆಳಕಿನ ನಡುಭಾಗ ಮುಖಕ್ಕೆ ಬರುವ ತನಕ ಸರಿಸಿ, ಆಮೇಲೆ ಅವರನ್ನು ಒಂದು ಹೆಜ್ಜೆ ಹಿಂದೆ ಮುಂದೆ ನಡೆಸಿ ನೋಡಿ. ಪ್ರತಿ ಪ್ರೀಸೆಟ್‌ನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಊರಿನಲ್ಲಿ ನೀವು ಇಲ್ಲದಿದ್ದರೂ ಬೇರೆಯವರು ಅದನ್ನು ನೋಡಿ ಹೊಂದಿಸಬಹುದು.